ಕೇಳಿಕೊಂಡು ಹೋಗುವ ಮನೆಗಳು

ನಿವೃತ್ತಿಯಾದ ಮೇಲೆ ದೇವರು ನನಗೊಂದು ಕೆಲಸ ಕೊಟ್ಟರು. ಹಾಸಿಗೆ ಹಿಡಿದವರ ಮನೆಗೆ ಹೋಗುವ ಕೆಲಸ. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರು, ಲಕ್ವ ಹೊಡೆದು ವರ್ಷಗಟ್ಟಲೆ ಮಲಗಿದವರು, ಆಸ್ಪತ್ರೆಯಲ್ಲಿ "ಇನ್ನು ಮನೆಗೆ ಕರ್ಕೊಂಡು ಹೋಗಿ" ಅನ್ನಿಸಿಕೊಂಡು ಬಂದವರು. ನಾನು ನರ್ಸ್ ಅಲ್ಲ. ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಈ ಕೆಲಸವನ್ನು ಪ್ರಾರ್ಥನೆಯನ್ನೇ ನೆಚ್ಚಿಕೊಂಡು ಹಿಡಿದೆ, ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದ್ದೇನೆ. "ಹಾಗಂದ್ರೆ ದಿನಾ ಏನು ಮಾಡ್ತೀರಿ?" ಎಂದು ಕೆಲವರು ಕೇಳುತ್ತಾರೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಕೇಳಿದ್ದು ನಮ್ಮ ಚರ್ಚಿನ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು. ಆರಾಧನೆ ಮುಗಿದು ಎಲ್ಲರೂ ಹೊರಡುತ್ತಿದ್ದಾಗ ನನ್ನನ್ನು ನಿಲ್ಲಿಸಿ ಹೇಳಿದರು: "ಅಮ್ಮಾ, ಚರ್ಚಿಗೆ ಬರೋಕೇ ಆಗದೆ ಎಷ್ಟೋ ಜನ ಮನೇಲಿ ಮಲಗಿದ್ದಾರೆ. ನಾನು ಹೋಗಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಟ್ಟು ಬರ್ತೀನಿ. ಅಷ್ಟು ಸಾಲದು. ನೋಡಿಕೊಳ್ಳೋರೂ ಸೋತುಹೋಗಿದ್ದಾರೆ. ನೀವು ಮುಂದೆ ನಿಂತು ಒಂದು ಗುಂಪು ಕಟ್ತೀರಾ?"

"ಪ್ರಾರ್ಥನೆ ಮಾಡಿ ಹೇಳ್ತೀನಿ ಅಯ್ಯನವರೇ" ಎಂದೆ.

"ಮಾಡಿ. ಆದ್ರೆ ನಿಜವಾಗ್ಲೂ ಮಾಡಿ" ಎಂದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಬೇಡ ಎನ್ನಲು ಸಂಕೋಚವಾದಾಗ ನಮ್ಮ ಸಭೆಗಳಲ್ಲಿ ಆಡುವ ಮಾತೇ ಅದು. ಹೇಳಿದವರೂ ಮರೆಯುತ್ತಾರೆ, ಕೇಳಿದವರೂ ಮರೆಯುತ್ತಾರೆ. ನಾನು ಆ ಮಾತನ್ನು ಉಳಿಸಿಕೊಳ್ಳಬೇಕು ಎಂದುಕೊಂಡೆ. ಬೆಳಗ್ಗೆ ಮನೆಯವರು ಎದ್ದೇಳುವ ಮುಂಚೆ ಅಡುಗೆಮನೆಯಲ್ಲಿ ಕುಳಿತು ಕೇಳಲು ಶುರು ಮಾಡಿದೆ. ಇದು ನಿಮ್ಮ ಕರೆಯಾ, ಇಲ್ಲ ಅಯ್ಯನವರಿಗೆ ಸಿಕ್ಕ ಒಬ್ಬ ನಿವೃತ್ತ ಟೀಚರ್ ನಾನಾ?

ಇಂಥ ಪ್ರಶ್ನೆಗೆ ಕನಸಿನಲ್ಲೋ ದರ್ಶನದಲ್ಲೋ ಉತ್ತರ ಬರುವವರಿದ್ದಾರೆ. ನನಗೆ ಹಾಗೇನೂ ಬರಲಿಲ್ಲ. ಆದರೆ ಕೇಳುತ್ತಾ ಹೋದಂತೆ ಕೆಲವು ವಿಷಯ ಮನಸ್ಸಿಗೆ ಬಂದು ಕೂತವು. ನಮ್ಮತ್ತೆ ಕೊನೆಗಾಲದಲ್ಲಿ ನನ್ನ ಕೈಯಲ್ಲೇ ಇದ್ದರು. ಅವರನ್ನು ಮಗ್ಗುಲಿಗೆ ತಿರುಗಿಸುವುದು, ಬಾಯಿ ಒರೆಸುವುದು, ರಾತ್ರಿ ಅವರು ನರಳಿದಾಗ ಪಕ್ಕದಲ್ಲಿ ಕೂರುವುದು, ಇವೆಲ್ಲ ನನಗೆ ಅಸಹ್ಯ ಅನ್ನಿಸಿರಲಿಲ್ಲ. ಇನ್ನೊಂದು, ನಮ್ಮ ಮನೆಯ ಮಕ್ಕಳೆಲ್ಲ ಹುಟ್ಟಿದ್ದು ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯಲ್ಲಿ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎನ್ನುವುದು ಅದರ ಹೆಸರು. ವೆಸ್ಲಿಯನ್ ಮಿಷನ್‌ನವರು 1906ರಲ್ಲಿ ಶುರು ಮಾಡಿದ್ದು. ಯಾರೋ ದೂರದಿಂದ ಬಂದು, ಭಾಷೆ ಕಲಿತು, ನಮ್ಮ ಅಜ್ಜಿಯರ ಹೆರಿಗೆ ಮಾಡಿಸಿದರು. ಅದೇ ಊರಿನಲ್ಲಿ ಹುಟ್ಟಿ, ಅದೇ ಭಾಷೆ ಆಡುವ ನನಗೆ ನಾಲ್ಕು ಬೀದಿ ದಾಟಿ ಹೋಗುವುದು ದೂರವಾ ಎಂಬ ಮಾತು ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬಂತು.

ಆದರೂ ಹಿಂಜರಿಕೆ ಹೋಗಲಿಲ್ಲ. ಆಗ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಮೋಶೆಯ ಕಥೆ ಓದಿದೆ. ದಾಸರಾಗಿರುವ ನಿನ್ನ ಜನರನ್ನು ಬಿಡಿಸಿಕೊಂಡು ಬಾ ಎಂದು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ಅವನು ಒಂದಾದ ಮೇಲೆ ಒಂದು ನೆಪ ಹೇಳುತ್ತಾನೆ. ನಾನು ಎಷ್ಟರವನು? ನಿನ್ನ ಹೆಸರೇನೆಂದು ಹೇಳಲಿ? ಅವರು ನನ್ನನ್ನು ನಂಬದಿದ್ದರೆ? ನನಗೆ ಮಾತು ಬರುವುದಿಲ್ಲ. ಕೊನೆಗೆ, ಬೇರೆ ಯಾರನ್ನಾದರೂ ಕಳಿಸು. ಮೊದಲನೆಯದಕ್ಕೆ ದೇವರು ಕೊಟ್ಟ ಉತ್ತರ ನೋಡಿ. ನೀನು ಸಮರ್ಥ, ನಿನ್ನ ಕೈಯಲ್ಲಾಗುತ್ತೆ ಎಂದು ಹೇಳುವುದಿಲ್ಲ. ನಾನು ನಿನ್ನ ಜೊತೆ ಇರುತ್ತೇನೆ ಎನ್ನುತ್ತಾರೆ. ನನಗೆ ಧೈರ್ಯ ಕೊಟ್ಟದ್ದು ಇದು. ಅಯ್ಯನವರಿಗೆ ಹೂಂ ಎಂದೆ.

ಹೂಂ ಎಂದ ಮೇಲೆ ಶುರುವಾದದ್ದು ನಿಜವಾದ ಪ್ರಾರ್ಥನೆ. ಅಲ್ಲಿಯ ತನಕ "ಕರ್ತನೇ ನಡೆಸು, ಆಶೀರ್ವದಿಸು" ಎಂದು ಒಟ್ಟಾರೆ ಕೇಳುತ್ತಿದ್ದೆ. ಅದನ್ನು ಬದಲಾಯಿಸಿದ್ದು ಸತ್ಯವೇದದ ನೆಹೆಮೀಯ. ಅವನ ಪುಸ್ತಕ ಎಷ್ಟೋ ಸಲ ಓದಿದ್ದರೂ ಕೆಲಸ ಕೈಗೆ ಬಂದ ಮೇಲೆ ಓದಿದಾಗ ಬೇರೆಯೇ ಕಂಡಿತು. ಅವನು ಪರ್ಷಿಯಾದ ಶೂಷನ್ ಕೋಟೆಯಲ್ಲಿ ಅರಸ ಅರ್ತಷಸ್ತನಿಗೆ ದ್ರಾಕ್ಷಾರಸ ಕೊಡುವವನು. ತನ್ನ ಪೂರ್ವಜರ ಊರಾದ ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲು ಸುಟ್ಟುಹೋಗಿವೆ ಎಂಬ ಸುದ್ದಿ ಅವನಿಗೆ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿ ಬಿಟ್ಟದ್ದು ನೈಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅಷ್ಟು ದಿನ ಅಳುತ್ತಾ, ಉಪವಾಸ ಮಾಡುತ್ತಾ, ಕೇಳಿಕೊಳ್ಳುತ್ತಾ ಕಳೆದ. ಆಮೇಲೆ ಅರಸ "ನಿನಗೇನು ಬೇಕು?" ಎಂದಾಗ ಇನ್ನೊಮ್ಮೆ, ಆ ಗಳಿಗೆಯಲ್ಲೇ, ಮನಸ್ಸಿನಲ್ಲಿ ಪ್ರಾರ್ಥಿಸಿ ಉತ್ತರ ಕೊಡುತ್ತಾನೆ.

ನನಗೆ ತುಂಬ ಹಿಡಿಸಿದ್ದು ಆ ಉತ್ತರ. ಎಷ್ಟು ಕಾಲ ಬೇಕು ಎಂದು ಹೇಳುತ್ತಾನೆ. ನದಿಯಾಚೆಯ ಅಧಿಕಾರಿಗಳಿಗೆ ಪತ್ರ ಬೇಕು ಎನ್ನುತ್ತಾನೆ. ಅರಸನ ಕಾಡು ನೋಡಿಕೊಳ್ಳುವ ಆಸಾಫನಿಗೆ ಇನ್ನೊಂದು ಪತ್ರ, ಬಾಗಿಲುಗಳಿಗೆ ಮರ ಕೊಡಲಿ ಎಂದು. ಕಾವಲುಗಾರನ ಹೆಸರು ಕೂಡ ಅವನಿಗೆ ಗೊತ್ತು! ನಾಲ್ಕು ತಿಂಗಳು ಮೊಣಕಾಲೂರಿದವನು ಎದ್ದಾಗ ಅವನಿಗೆ ಬೇಕಾದದ್ದು ಏನೆಂದು ಚೊಕ್ಕವಾಗಿ ಗೊತ್ತಿತ್ತು. ಪ್ರಾರ್ಥಿಸುತ್ತಲೇ ಅವನು ಲೆಕ್ಕ ಹಾಕಿದ್ದಾನೆ, ವಿಚಾರಿಸಿದ್ದಾನೆ. ದೇವರನ್ನು ನಂಬಿದವನು ವಿಚಾರಿಸಬಾರದು ಎಂದು ನಮ್ಮಲ್ಲಿ ಕೆಲವರು ತಿಳಿದುಕೊಂಡಿದ್ದಾರೆ. ನೆಹೆಮೀಯ ಹಾಗಲ್ಲ.

ಒಂದು ಉದ್ದದ ನೋಟ್‌ಬುಕ್ ತಂದೆ. ಎಡಪುಟದಲ್ಲಿ ಕೇಳುವುದನ್ನು ಬರೆಯುವುದು, ಬಲಪುಟದಲ್ಲಿ ಏನು ಬಂತು ಎಂಬುದನ್ನು. "ಆಶೀರ್ವದಿಸು" ಎಂಬ ಮಾತನ್ನು ಎಡಪುಟದಲ್ಲಿ ಬರೆಯಬಾರದು ಎಂದು ನಾನೇ ಕಟ್ಟು ಹಾಕಿಕೊಂಡೆ. ಹಾಗೆ ಬರೆದರೆ ಬಲಪುಟದಲ್ಲಿ ಏನೂ ಬರೆಯಲು ಆಗುವುದಿಲ್ಲ, ಅಲ್ವಾ? ಒಬ್ಬರು ಡಾಕ್ಟರು ಬೇಕು, ಮನೆಗೆ ಬಂದು ನೋಡುವವರು. ನನಗೆ ಯಾರಾದರೂ ಕಲಿಸಬೇಕು. ಜೊತೆಗೆ ಇಬ್ಬರು ಬೇಕು. ಆಟೋ ಖರ್ಚು ಬೇಕು. ಹೀಗೆ ಬರೆಯುವಾಗಲೇ ನನಗೆ ಏನೇನು ಗೊತ್ತಿಲ್ಲ ಎಂಬುದು ಕಾಣಿಸತೊಡಗಿತು.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಕೂಡ ಹೀಗೇ ಬರೆದಿಡುತ್ತಿದ್ದರು. ಅವರು 1836ರಲ್ಲಿ ಬಾಡಿಗೆ ಮನೆಯಲ್ಲಿ ಶುರು ಮಾಡಿ, ಜೀವಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿಕೊಂಡರು. ದುಡ್ಡಿಗಾಗಿ ಯಾವ ಮನುಷ್ಯನನ್ನೂ ಕೇಳಲಿಲ್ಲ, ದೇವರನ್ನು ಮಾತ್ರ ಕೇಳಿದರು. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಆ ದಾರಿ ಎಲ್ಲರಿಗೂ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ನೆಹೆಮೀಯ ದೇವರನ್ನು ಕೇಳಿ, ಆಮೇಲೆ ಅರಸನನ್ನೂ ಕೇಳಿದ. ನಾನೂ ಕೇಳುತ್ತೇನೆ. ಮೊದಲು ಮೇಲೆ, ಆಮೇಲೆ ಪಕ್ಕದ ಮನೆಯವರನ್ನು.

ಡಾಕ್ಟರ್ ಸಿಕ್ಕರು. ಅವರ ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ. ನೋವು ಕಡಿಮೆ ಮಾಡುವ ಚಿಕಿತ್ಸೆಯಲ್ಲೇ ಪಳಗಿದವರು. ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರಲ್ಲ, ಅದು. "ರೋಗ ವಾಸಿ ಮಾಡೋಕಾಗಲ್ಲ ಅಂದ ಮಾತ್ರಕ್ಕೆ ಮಾಡೋದು ಏನೂ ಇಲ್ಲ ಅಂತಲ್ಲ ಮೇಡಂ. ಮಾಡೋದು ಅಲ್ಲಿಂದ ಜಾಸ್ತಿ" ಎಂದರು. ಅವರಿಂದಲೇ ಸಿಸಿಲಿ ಸಾಂಡರ್ಸ್ ಎಂಬ ಹೆಣ್ಣುಮಗಳ ಕಥೆ ತಿಳಿಯಿತು. ನನಗೆ ಇದು ತುಂಬ ಆಸರೆ ಕೊಟ್ಟ ಕಥೆ. ಆಕೆ ಲಂಡನ್ನಿನಲ್ಲಿ ನರ್ಸ್ ಆಗಿದ್ದವರು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ ಆದರು. ಅಲ್ಲಿ ಪೋಲೆಂಡಿನ ಒಬ್ಬ ಯೆಹೂದ್ಯ ರೋಗಿ, ಡೇವಿಡ್ ತಸ್ಮಾ, ಕ್ಯಾನ್ಸರಿನಿಂದ ಸಾಯುತ್ತಿದ್ದ. ನೆಂಟರು ಇಲ್ಲದವನು. ಇಬ್ಬರೂ ಕೂತು, ಸಾಯುವವರಿಗೆ ನೆಮ್ಮದಿ ಸಿಗುವಂಥ ಒಂದು ಮನೆ ಇದ್ದಿದ್ದರೆ ಎಂದು ಮಾತಾಡಿಕೊಳ್ಳುತ್ತಿದ್ದರು. 1948ರಲ್ಲಿ ಅವನು ತೀರಿಕೊಂಡಾಗ 500 ಪೌಂಡ್ ಬಿಟ್ಟುಹೋದ. ನಿನ್ನ ಮನೆಗೆ ನಾನೊಂದು ಕಿಟಕಿಯಾಗಿರುತ್ತೇನೆ ಎಂದಿದ್ದನಂತೆ.

ಕಿಟಕಿ ಬಂತು, ಮನೆ ಬರಲಿಲ್ಲ. ಆಕೆ ಮೊದಲಿನಿಂದ ಓದಿ 1957ರಲ್ಲಿ ಡಾಕ್ಟರ್ ಆದರು. ಏನು ಮಾಡಲಿ ಎಂದು ದೇವರನ್ನು ಕೇಳುತ್ತಲೇ ಇದ್ದರು. 1959ರಲ್ಲಿ ಸತ್ಯವೇದದ 37ನೇ ಕೀರ್ತನೆಯ ಐದನೇ ವಚನ ಓದಿದಾಗ ಸಮಯ ಬಂತು ಎಂದು ಅವರಿಗೆ ತಿಳಿಯಿತು. ನಿನ್ನ ದಾರಿಯನ್ನು ಕರ್ತನಿಗೆ ಒಪ್ಪಿಸು, ಅವರೇ ಸಾಗಿಸುತ್ತಾರೆ ಎನ್ನುವ ವಚನ. ಸಾಯುವವರಿಗಾಗಿ ಅವರು ಬಯಸಿದ ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ತೆರೆದದ್ದು 1967ರಲ್ಲಿ. ಆ 500 ಪೌಂಡಿನಿಂದ 19 ವರ್ಷ. ನಾವು ಮೂರು ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡಿ ಉತ್ತರ ಬರಲಿಲ್ಲ ಎಂದು ಸುಮ್ಮನಾಗುವವರಿಗೆ ಈ ಲೆಕ್ಕ ತಿಳಿದಿರಬೇಕು. ಇವತ್ತು ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. 1999ರಿಂದ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಇಂಥ ಕಡೆಗಳಿಗೆಲ್ಲ ಬೇರು ಆ ಹೆಣ್ಣುಮಗಳು ಕಾದ ವರ್ಷಗಳಲ್ಲಿದೆ ಎಂದು ನಾನು ನಂಬುತ್ತೇನೆ.

ಡಾಕ್ಟರು ಕಲಿಸಿದ್ದು ಬಹಳ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಇಲ್ಲವಾದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಹುಣ್ಣು ವಾಸನೆ ಬರುತ್ತಿದ್ದರೆ ಮೆಟ್ರೋನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಲು ಅವರು ಹೇಳುತ್ತಾರೆ, ವಾಸನೆ ಇಳಿಯುತ್ತದೆ. ನೋವು ಜಾಸ್ತಿಯಾದವರಿಗೆ ಮಾರ್ಫಿನ್ ಮಾತ್ರೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ಜೊತೆಗೆ ಮಲಬದ್ಧತೆಗೆ ಔಷಧಿ. ಮಾರ್ಫಿನ್ ಎಂದರೆ ಮನೆಯವರು ಹೆದರುತ್ತಾರೆ, ಚಟ ಹತ್ತುತ್ತೆ, ಬೇಗ ಸಾಯ್ತಾರೆ ಎಂದು. ಡಾಕ್ಟರು ಹೇಳಿದ ಅಳತೆಯಲ್ಲಿ ನೋವಿಗೆ ಕೊಟ್ಟರೆ ಹಾಗಾಗುವುದಿಲ್ಲ. 1985ರ ಮಾದಕ ವಸ್ತು ಕಾನೂನಿನಿಂದಾಗಿ ನಮ್ಮ ದೇಶದಲ್ಲಿ ಈ ಮಾತ್ರೆ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ತಿದ್ದುಪಡಿ ಬಂದು ಸ್ವಲ್ಪ ಸಡಿಲವಾಯಿತು. ಇಂಥದ್ದನ್ನೆಲ್ಲ ನಾನು ನೋಟ್‌ಬುಕ್ಕಿನ ಬಲಪುಟದಲ್ಲಿ ಬರೆದುಕೊಂಡೆ. "ಕಲಿಸುವವರು ಬೇಕು" ಎಂದು ಎಡಗಡೆ ಕೇಳಿದ್ದೆ, ಅದಕ್ಕೆ ಬಂದ ಉತ್ತರ ಇದೇ.

ಮೊದಲು ಹೋದ ಮನೆ ಎನ್.ಆರ್. ಮೊಹಲ್ಲಾ ಕಡೆ. ಸ್ತನದ ಕ್ಯಾನ್ಸರ್, ಹುಣ್ಣು ಒಡೆದಿತ್ತು. ಮನೆಯ ಗೇಟಿನಿಂದಲೇ ವಾಸನೆ ತಿಳಿಯುತ್ತಿತ್ತು. ಬಾಗಿಲು ತಟ್ಟುವ ಮುಂಚೆ ನಿಂತೆ. ಆಗ ಉದ್ದ ಪ್ರಾರ್ಥನೆ ಮಾಡಲು ಹೊತ್ತಿಲ್ಲ. "ಅಪ್ಪಾ, ಮುಖ ಸಿಂಡರಿಸದ ಹಾಗೆ ನೋಡಿಕೋ" ಎಂದಷ್ಟೇ ಕೇಳಿದೆ. ಒಳಗೆ ಹೋದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ದಿನದಿಂದ ಬಂದವರೆಲ್ಲರ ಮುಖದಲ್ಲಿ ಏನು ಕಂಡಿದ್ದರೋ ಅದನ್ನೇ ಹುಡುಕುತ್ತಿದ್ದರು. ನಾನು ಮಂಚದ ಅಂಚಿನಲ್ಲಿ ಕೂತು ಕೈ ಹಿಡಿದುಕೊಂಡೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಆಕೆಯೇ, "ಇಷ್ಟು ಹತ್ರ ಯಾರೂ ಕೂತಿರಲಿಲ್ಲ ಅಕ್ಕಾ" ಎಂದರು.

ಅವತ್ತು ನಾನು ಏನು ಕೇಳಿದ್ದೆನೋ ಅದು ಸಿಕ್ಕಿತ್ತು. ಆಕೆ ಗುಣವಾಗಲಿ ಎಂದು ಕೇಳಲಿಲ್ಲವಾ ಎನ್ನಬಹುದು. ಮೊದಮೊದಲು ಅದನ್ನೂ ಕೇಳುತ್ತಿದ್ದೆ, ಈಗಲೂ ಮನೆಯವರು ಕೇಳಿಕೊಂಡರೆ ಅವರ ಜೊತೆ ಸೇರಿ ಕೇಳುತ್ತೇನೆ. ದೇವರ ಕೈ ಕಟ್ಟಲು ನಾನು ಯಾರು? ಆದರೆ ಒಬ್ಬೊಬ್ಬರ ಪಕ್ಕ ಕೂತು ಕೇಳುತ್ತಾ ಹೋದಂತೆ ಪ್ರಾರ್ಥನೆಯೇ ನನ್ನ ಬೇಡಿಕೆಯನ್ನು ತಿದ್ದಿತು. ಈ ರಾತ್ರಿ ಇವರು ನಿದ್ದೆ ಮಾಡಲಿ. ಮಾತು ಬಿಟ್ಟಿರುವ ತಮ್ಮ ಒಮ್ಮೆ ಬಂದು ಹೋಗಲಿ. ಮಗಳಿಗೆ ಅಮ್ಮನ ಡ್ರೆಸ್ಸಿಂಗ್ ಮಾಡುವಾಗ ಕೈ ನಡುಗದಿರಲಿ. ಇವು ಚಿಕ್ಕ ಬೇಡಿಕೆಗಳಲ್ಲ. ಆ ಮನೆಯಲ್ಲಿ ಅವತ್ತು ಅದಕ್ಕಿಂತ ದೊಡ್ಡದು ಬೇರೆ ಇರುವುದಿಲ್ಲ. ಆ ತಮ್ಮ ಬಂದ. ಅಕ್ಕನ ಕಾಲು ಹಿಡಿದು ಅತ್ತ. ಬಲಪುಟದಲ್ಲಿ ಅದನ್ನು ಬರೆಯುವಾಗ ನನ್ನ ಕಣ್ಣೂ ತುಂಬಿತ್ತು.

"ದೇವರು ನನಗೇ ಯಾಕೆ ಹಿಂಗೆ ಮಾಡಿದ?" ಎಂದು ಹೆಚ್ಚುಕಡಿಮೆ ಎಲ್ಲರೂ ಒಂದಲ್ಲ ಒಂದು ದಿನ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಕೊಡಲು ಹೋಗುವುದೂ ಇಲ್ಲ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದಾಗ ಚೆನ್ನಾಗಿದ್ದರು, ಬಾಯಿ ಬಿಟ್ಟ ಮೇಲೆ ಕೆಟ್ಟರು. ಆ ಪ್ರಶ್ನೆ ಬಂದಾಗ ನಾನು ಒಳಗೊಳಗೇ ಕೇಳಿಕೊಳ್ಳುವುದು ಇಷ್ಟೇ, ನನ್ನ ಬಾಯಿಗೆ ಕಾವಲಿಡು ಎಂದು.

ಸಭೆಯವರ ಮನೆಗಳಿಗೆಂದು ಶುರುವಾದ ಕೆಲಸ ಬೇಗನೇ ಅಕ್ಕಪಕ್ಕದ ಮನೆಗಳಿಗೂ ಹೋಯಿತು. ನೋವಿಗೆ ಜಾತಿ ಮತ ಇಲ್ಲವಲ್ಲ. ಅಲ್ಲಿ ನಾವೊಂದು ಕಟ್ಟು ಮಾಡಿಕೊಂಡಿದ್ದೇವೆ. ಬೇರೆ ದೇವರನ್ನು ನಂಬಿದವರ ಮನೆಯಲ್ಲಿ, ಅವರು ಕೇಳದೆ ಬಾಯಿಬಿಟ್ಟು ಪ್ರಾರ್ಥಿಸಬಾರದು. ಅಷ್ಟು ಬಲ ಕಳೆದುಕೊಂಡು ಮಲಗಿದವರು "ಬೇಡ" ಎನ್ನಲಾರರು, ಅದನ್ನು ಬಳಸಿಕೊಳ್ಳಬಾರದು. ದಾರಿಯಲ್ಲಿ ನಡೆಯುತ್ತಾ ಪ್ರಾರ್ಥಿಸಬಹುದು. ಕಾಲು ತೊಳೆಯುವಾಗ ಮನಸ್ಸಿನಲ್ಲೇ ಪ್ರಾರ್ಥಿಸಬಹುದು. ದೇವರಿಗೆ ಕೇಳಿಸಲು ಜೋರು ಬೇಕಾಗಿಲ್ಲ. ಗಾಂಧಿನಗರದ ಒಬ್ಬ ಅಜ್ಜಿ, ದೇವರ ಗೂಡಿಗೆ ದೀಪ ಹಚ್ಚಿಸಿಕೊಂಡೇ ನನ್ನ ಕೈಯಲ್ಲಿ ಗಂಜಿ ಕುಡಿಯುತ್ತಿದ್ದವರು, ಒಂದು ಸಂಜೆ ತಾವಾಗೇ ಹೇಳಿದರು: "ಟೀಚರಮ್ಮ, ನಾನು ನಮ್ಮ ಚಾಮುಂಡಿಗೆ ಹೇಳ್ಕೊಂಡಿದ್ದೀನಿ. ನೀನು ನಿನ್ನ ದೇವ್ರಿಗೂ ಒಂದು ಮಾತು ಹೇಳಿಬಿಡು ತಾಯಿ, ಜಾಸ್ತಿ ಎಳೆಯೋದು ಬೇಡ ಅಂತ." ಅಲ್ಲೇ ಕೂತು ಹೇಳಿದೆ. ಅವರೂ ಕೈ ಮುಗಿದುಕೊಂಡಿದ್ದರು.

ಇದಕ್ಕೆ ತೀರ ವಿರುದ್ಧವಾದದ್ದೂ ನಡೆಯುತ್ತದೆ, ಅದನ್ನು ಹೇಳದೆ ಬಿಡಲಾರೆ. ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವವರಿದ್ದಾರೆ. ಒಂದು ಮನೆಯಲ್ಲಿ ಯಾರೋ ಬಂದು, ತಲೆಯ ಮೇಲೆ ಕೈಯಿಟ್ಟು, ಗುಣವಾಯಿತು ಎಂದು ಸಾರಿ ಹೋಗಿದ್ದರು. ಇನ್ನು ಮಾತ್ರೆ ತೆಗೆದುಕೊಂಡರೆ ಅದು ಅಪನಂಬಿಕೆ ಎಂದರಂತೆ. ನಾನು ಹೋದಾಗ ಆ ಮನುಷ್ಯ ಎರಡು ರಾತ್ರಿಯಿಂದ ಕೂಗುತ್ತಿದ್ದರು. ಹೆಂಡತಿ ಮೂಲೆಯಲ್ಲಿ ಕೂತು, "ನಮ್ಮ ನಂಬಿಕೆ ಕಮ್ಮಿ ಆಯ್ತೇನೋ" ಎಂದು ಅಳುತ್ತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ಮಾತ್ರೆ ಮತ್ತೆ ಶುರು ಮಾಡಿದೆವು. ಆಕೆಯನ್ನು ಪಕ್ಕ ಕೂರಿಸಿಕೊಂಡು ಹೇಳಿದೆ: "ನೋಡಮ್ಮ, ಪೌಲನಂಥ ದೇವರ ಸೇವಕನಿಗೂ ಶರೀರದಲ್ಲಿ ಒಂದು ಮುಳ್ಳಿತ್ತು. ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂದರು ಕರ್ತರು. ಪೌಲನಿಗೆ ನಂಬಿಕೆ ಇರಲಿಲ್ಲ ಅಂತೀರಾ?" ಆಕೆ ತಲೆ ಅಲ್ಲಾಡಿಸಿದರು. ಸಾಯುವವರ ಮನೆಯವರ ಮೇಲೆ ಇನ್ನೊಂದು ಅಪರಾಧ ಹೊರಿಸಿ ಹೋಗುವ ಪ್ರಾರ್ಥನೆ ಯೇಸುಸ್ವಾಮಿಯದ್ದಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೆಹೆಮೀಯನ ಜನ ಶತ್ರುಗಳು ಬರುತ್ತಾರೆ ಎಂದು ತಿಳಿದಾಗ ದೇವರಿಗೆ ಪ್ರಾರ್ಥಿಸಿದರು, ಹಗಲೂ ರಾತ್ರಿ ಕಾವಲನ್ನೂ ಇಟ್ಟರು. ಮಾತ್ರೆ ನಮ್ಮ ಕಾವಲು.

ನಾನು ಒಬ್ಬಳೇ ಪ್ರಾರ್ಥಿಸಿದ್ದರೆ ಈ ಕೆಲಸ ಎಂದೋ ನಿಲ್ಲುತ್ತಿತ್ತು. ಅಮಾಲೇಕ್ಯರ ಜೊತೆಗಿನ ಯುದ್ಧದಲ್ಲಿ ಮೋಶೆ ಕೈ ಎತ್ತಿರುವ ತನಕ ಅವನ ಜನ ಗೆಲ್ಲುತ್ತಿದ್ದರು. ಅವನ ಕೈ ಸೋತಾಗ ಒಂದು ಕಲ್ಲು ತಂದು ಕೂರಿಸಿ, ಆರೋನನೂ ಹೂರನೂ ಆಚೆ ಈಚೆ ನಿಂತು ಹೊತ್ತು ಮುಳುಗುವ ತನಕ ಅವನ ಕೈ ಹಿಡಿದುಕೊಂಡಿದ್ದರು. ನಮ್ಮ ಸ್ತ್ರೀಯರ ಕೂಟದಲ್ಲಿ ಹಾಗೆ ಕೈ ಹಿಡಿಯುವವರು ಇದ್ದಾರೆ. ಅವರಲ್ಲಿ ಒಬ್ಬರು ಮಂಡಿನೋವಿನಿಂದ ಮನೆಯ ಮೆಟ್ಟಿಲು ಇಳಿಯಲಾರದ ಆಂಟಿ. "ನಾನು ಏನಕ್ಕೂ ಉಪಯೋಗ ಇಲ್ಲ" ಎನ್ನುತ್ತಿದ್ದರು. ಈಗ ನಾನು ಮನೆಯಿಂದ ಹೊರಡುವಾಗ ಅವರಿಗೆ ಮಿಸ್ಡ್ ಕಾಲ್ ಕೊಡುತ್ತೇನೆ. ನಾನು ವಾಪಸ್ ಬಂದು ಮತ್ತೆ ಕಾಲ್ ಕೊಡುವ ತನಕ ಅವರು ಕುರ್ಚಿಯಿಂದ ಏಳುವುದಿಲ್ಲ. ಕೆಲವು ದಿನ ಹುಣ್ಣು ತೊಳೆಯುವಾಗ ನನ್ನ ಕೈ ಹೇಗೆ ಅಷ್ಟು ಗಟ್ಟಿಯಾಗಿತ್ತು ಎಂದು ನನಗೇ ಆಶ್ಚರ್ಯವಾಗಿದೆ. ನನಗೆ ಅದರ ಕಾರಣ ಗೊತ್ತು.

ಆದರೆ ಅವರಿಗೆ ನಾನು ಕಾಯಿಲೆಯ ವಿವರ ಹೇಳುವುದಿಲ್ಲ, ಮನೆಯ ಹೆಸರೂ ಹೇಳುವುದಿಲ್ಲ. "ಇವತ್ತು ಇಬ್ಬರು ಮಕ್ಕಳ ತಾಯಿ" ಎನ್ನುತ್ತೇನೆ, ಅಷ್ಟೇ. ಪ್ರಾರ್ಥನೆಗೆ ಎಂದು ಹೇಳಿದ ವಿಷಯ ಸಂಜೆಯೊಳಗೆ ಊರೆಲ್ಲ ಹರಡುವುದನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಹಾಗಾದರೆ ಮತ್ತೆ ಯಾರು ಬಾಗಿಲು ತೆರೆಯುತ್ತಾರೆ? ದೇವರಿಗೆ ಹೆಸರು ಗೊತ್ತು.

ಆ ಇಬ್ಬರು ಮಕ್ಕಳ ತಾಯಿಯ ವಿಷಯ ಹೇಳಬೇಕು. ಚಿಕ್ಕ ವಯಸ್ಸು. ಚಿಕ್ಕ ಮಗಳು ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಆಕೆಗಾಗಿ ನಾವೆಲ್ಲ ಕೇಳಿದ್ದು ಸ್ವಲ್ಪವಲ್ಲ. ಮಕ್ಕಳ ರಜೆ ಮುಗಿಯುವ ತನಕವಾದರೂ ಇರಲಿ ಎಂದು ಎಡಪುಟದಲ್ಲಿ ಬರೆದಿದ್ದೆ. ಇರಲಿಲ್ಲ. ಮಣ್ಣು ಮಾಡಿ ಬಂದ ರಾತ್ರಿ ನೋಟ್‌ಬುಕ್ ತೆರೆಯಲು ಆಗಲಿಲ್ಲ. ಮರುದಿನವೂ ಆಗಲಿಲ್ಲ. ಪ್ರಾರ್ಥಿಸಲು ಕೂತರೆ ಬಾಯಿಗೆ ಮಾತೇ ಬರಲಿಲ್ಲ. ಬೇರೆ ಮನೆಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ, ಮಾತ್ರೆ ಎಣಿಸಿ ಕೊಟ್ಟು, ಹಾಸಿಗೆ ಸರಿ ಮಾಡಿ ಬರುತ್ತಿದ್ದೆ. ಒಳಗೆ ಮಾತ್ರ ಬರಿದು.

ಆಗ ನನ್ನನ್ನು ಹಿಡಿದದ್ದು 88ನೇ ಕೀರ್ತನೆ. ಬೇರೆ ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರಕ್ಕೆ ಬಂದು ನಿಲ್ಲುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಇದೂ ಸತ್ಯವೇದದಲ್ಲಿದೆ, ಇದೂ ಪ್ರಾರ್ಥನೆಯೇ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಕೂಡ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಕೇಳಿದರು, ಅದು ತೊಲಗಲಿಲ್ಲ. ನನಗೆ ಸಮಾಧಾನವಾಯಿತು ಎಂದು ಹೇಳಲಾರೆ. ಆದರೆ ಅಳುವುದನ್ನು ದೇವರ ಮುಂದೆಯೇ ಅಳಬಹುದು ಎಂದಾಯಿತು. ಪೌಲ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ, ನಮಗೆ ಹೇಗೆ ಕೇಳಬೇಕೆಂದು ತಿಳಿಯದಿದ್ದಾಗ ದೇವರ ಆತ್ಮನೇ ನರಳುತ್ತಾ ನಮಗಾಗಿ ಬೇಡುತ್ತಾನೆ ಎಂದಿದೆ. ನರಳುವವರ ನಡುವೆ ದಿನ ಕಳೆಯುವ ನನಗೆ ಆ ಮಾತು ಹತ್ತಿರವಾಯಿತು. ಮಂಡಿನೋವಿನ ಆಂಟಿ ಫೋನು ಮಾಡಿ, "ನಿನ್ನ ಪಾಲಿಂದೂ ನಾನೇ ಮಾಡ್ತಿದ್ದೀನಿ ಕಣಮ್ಮ, ನೀನು ಸುಮ್ನೆ ಕೂತ್ಕೋ ಸಾಕು" ಎಂದರು. ಸುಮ್ಮನೆ ಕೂತೆ. ಎಷ್ಟೋ ದಿನಗಳ ಮೇಲೆ ಆ ಪುಟದ ಬಲಗಡೆ ಆಕೆಯ ಹೆಸರೊಂದನ್ನೇ ಬರೆದೆ.

ಆ ಮಕ್ಕಳಿಬ್ಬರು ಈಗ ಅಜ್ಜಿಯ ಮನೆಯಲ್ಲಿದ್ದಾರೆ. ದೊಡ್ಡವಳ ಸಮಾಜ ವಿಜ್ಞಾನ ನಾನೇ ಹೇಳಿಕೊಡುತ್ತೇನೆ.

ಬೇಡಿದ್ದು ಬಾರದೇ ಇದ್ದದ್ದು ಇನ್ನೂ ಇವೆ. ಆಕ್ಸಿಜನ್ ಕಾನ್ಸಂಟ್ರೇಟರ್ ಒಂದು ಬೇಕೆಂದು ಬರೆದದ್ದು ಇನ್ನೂ ಎಡಪುಟದಲ್ಲೇ ಇದೆ. ಏರ್ ಬೆಡ್, ಅಂದರೆ ಗಾಳಿ ತುಂಬಿದ ಹಾಸಿಗೆ, ಮಾತ್ರ ಕೇಳಿದ ಹಾಗೆಲ್ಲ ಬಂದಿವೆ. ತಮ್ಮ ಮನೆಯವರು ತೀರಿಹೋದ ಮೇಲೆ, ಅವರು ಮಲಗಿದ್ದ ಏರ್ ಬೆಡ್ಡನ್ನು ತೊಳೆದು ಒಣಗಿಸಿ ತಂದುಕೊಡುತ್ತಾರೆ. "ಇನ್ನೊಬ್ಬರಿಗೆ ಆಗಲಿ ಮೇಡಂ" ಎನ್ನುತ್ತಾರೆ. ಅದನ್ನು ಕೊಡುವಾಗ ಅವರ ಮುಖ ನೋಡಬೇಕು.

ಈಗ ನಮ್ಮ ಗುಂಪು ಕೇಳುತ್ತಿರುವುದು ಗಂಡಸರಿಗಾಗಿ. ಇಲ್ಲಿಯ ತನಕ ಬಂದಿರುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಗಂಡಸು ರೋಗಿಗಳಿಗೆ ಸ್ನಾನ ಮಾಡಿಸಬೇಕು, ಯೂರಿನ್ ಪೈಪು ನೋಡಬೇಕು, ಭಾರದ ಮೈಯನ್ನು ಎತ್ತಿ ಕೂರಿಸಬೇಕು. ನಾವು ಹೋದರೆ ಅವರಿಗೆ ನಾಚಿಕೆ, ಹೇಳಬೇಕಾದ ನೋವನ್ನೂ ಹೇಳದೆ ನುಂಗಿಕೊಳ್ಳುತ್ತಾರೆ. ಇಬ್ಬರು ಹುಡುಗರಾದರೂ ಬೇಕು, ವಾರಕ್ಕೆ ಒಂದು ಸಂಜೆ ಕೊಡುವವರು. ಅಯ್ಯನವರು ಯುವಜನರ ಕೂಟದಲ್ಲಿ ಈ ಮಾತು ಎತ್ತಿದ್ದಾರೆ. ಒಬ್ಬ ಹುಡುಗ ಆರಾಧನೆ ಆದ ಮೇಲೆ ನನ್ನ ಹತ್ತಿರ ಬಂದು, ಹುಣ್ಣು ನೋಡಿದರೆ ತಲೆ ಸುತ್ತು ಬರುತ್ತಾ, ಎಷ್ಟು ಹೊತ್ತು ಇರಬೇಕಾಗುತ್ತೆ ಎಂದೆಲ್ಲ ವಿಚಾರಿಸಿದ. ಎಲ್ಲಕ್ಕೂ ಇದ್ದದ್ದನ್ನು ಇದ್ದಂತೆ ಹೇಳಿದೆ. "ಪ್ರಾರ್ಥನೆ ಮಾಡಿ ಬರೋ ಭಾನುವಾರ ಹೇಳ್ತೀನಿ ಆಂಟಿ" ಎಂದ. ಅವನ ಹೆಸರು ಹಿಡಿದು ನಾವೂ ಮಾಡುತ್ತಿದ್ದೇವೆ.